ಆಸ್ಪತ್ರೆಯ ಚಕ್ಕುಬಂದಿ

ಹೆರಿಗೆ ಆಸ್ಪತ್ರೆ ಆ ಬುಧವಾರ ಬೆಳಿಗ್ಗೆ ನದಿಗೆ ಹದಿನೈದು ಹೆಜ್ಜೆ ದೂರದಲ್ಲಿತ್ತು. ನಾನೇ ಅಳೆದೆ. ದಿನವೂ ನಾನೇ ಅಳೆಯುತ್ತಿದ್ದೆ, ಏಕೆಂದರೆ ಆ ಆಸ್ಪತ್ರೆಗೆ ಸರ್ಕಾರ ನೇಮಿಸಿದ ಒಬ್ಬಳೇ ನರ್ಸ್ ನಾನು, ಫಿಂಡಾ. ಅದಕ್ಕಿದ್ದ ಆಸ್ತಿಯೂ ಹೆಚ್ಚುಕಡಿಮೆ ನಾನೊಬ್ಬಳೇ. ನಾಲ್ಕು ಗೋಡೆ, ಒಳಗೆ ಎರಡು ಕೋಣೆ, ಮೇಲೆ ಆಕಾಶ. ಆರು ವರ್ಷದ ಹಿಂದೆ ಗೋಡೆ ಎದ್ದಾಗ ಅದು ಊರ ನಡುವೆ, ನನ್ನ ಮನೆಯ ಪಕ್ಕದಲ್ಲೇ ಇತ್ತು. ಆಮೇಲೆ ತಗಡು ಬರಲಿಲ್ಲ, ಚಾವಣಿ ಆಗಲಿಲ್ಲ. ಮುಗಿಯದ ಕಟ್ಟಡ ಏನು ಮಾಡುತ್ತದೋ ಇದೂ ಅದನ್ನೇ ಮಾಡಿತು. ಎದ್ದು ನದಿಯ ಕಡೆಗೆ ನಡೆಯತೊಡಗಿತು.

ನಮ್ಮೂರಿನಲ್ಲಿ ಮನೆ ಮುಗಿಯಿತು ಅನ್ನುವುದಿಲ್ಲ, ಮನೆ ಕೂತಿತು ಅನ್ನುತ್ತೇವೆ. ಕೂರದ್ದು ನಡೆಯುತ್ತದೆ. ಬರೀ ಪಾಯ ಹಾಕಿ ಬಿಟ್ಟದ್ದು ಓಡುತ್ತದೆ. ಮೊಣಕಾಲೆತ್ತರದ ಗೋಡೆ ವಯಸ್ಸಾದವರ ಹಾಗೆ ನಿಂತು ನಿಂತು ಹೋಗುತ್ತದೆ. ಗೋಡೆ ಪೂರ್ತಿ ಎದ್ದು ಚಾವಣಿ, ಬಾಗಿಲು ಮಾತ್ರ ಇಲ್ಲದ್ದು ದಿನಕ್ಕೊಂದು ಹೆಜ್ಜೆ, ಕೋಳಿ ಕೂಗುವ ಹೊತ್ತಿಗೆ. ಎದುರಿಗೆ ಕೂತ ಮನೆ ಸಿಕ್ಕರೆ ಬಳಸಿಕೊಂಡು ಹೋಗುತ್ತದೆ, ಯಾರಿಗೂ ತೊಂದರೆ ಕೊಡುವುದಿಲ್ಲ. ನಮ್ಮ ಶಾಲೆ ಈಗ ಸಂತೆಯ ನಡುವೆ ಬಂದಿದೆ. ಮೇಷ್ಟರು ಮಗ್ಗಿ ಹೇಳಿಸುವಾಗ ಮೀನು ಮಾರುವವರೂ ಜೊತೆಗೆ ಹೇಳುತ್ತಾರೆ, ಹೋದ ವರ್ಷದಿಂದ ಅವರಲ್ಲಿ ಯಾರೂ ಲೆಕ್ಕ ತಪ್ಪಿಲ್ಲ. ಅಂಚೆ ಕಚೇರಿ ಎರಡು ಮಳೆಗಾಲದ ಹಿಂದೆ ನದಿಗಿಳಿಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅದರ ಕಿಟಕಿ ಕಾಣುತ್ತದೆ. ಅಲ್ಲಿಗೆ ಇಳಿದದ್ದು ಯಾವುದೂ ಹಿಂದಕ್ಕೆ ಬಂದಿಲ್ಲ.

ಆಸ್ಪತ್ರೆ ಇಳಿದರೆ ಏನಾಗುತ್ತದೆ ಅನ್ನುವುದು ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಚಾವಣಿ ಇಲ್ಲದ ಕಟ್ಟಡಕ್ಕೆ ಮಂಚ ಕೊಡುವುದಿಲ್ಲ, ಔಷಧಿ ಕೊಡುವುದಿಲ್ಲ. ಹಾಗಾಗಿ ನೋವು ಕಾಣಿಸಿಕೊಂಡ ಹೆಂಗಸರನ್ನು ನಾನು ಕಿರಿದಾದ ದೋಣಿಯಲ್ಲಿ ಮಲಗಿಸಿಕೊಂಡು ಆಚೆ ದಡದ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಹೊಳೆ ಶಾಂತವಾಗಿದ್ದರೆ ಅರ್ಧ ದಿನ. ಮೀನು ಹೊಗೆ ಹಾಕುವ ಕೆಲಸದ ಜೆನೆಬಾಳನ್ನು ಎರಡು ವರ್ಷದ ಹಿಂದೆ ಹಾಗೆ ಕರೆದೊಯ್ದಾಗ ನಡುನೀರಿನಲ್ಲಿ ಹೆರಿಗೆಯಾಯಿತು. ಮಗು ಅಳಲಿಲ್ಲ. ನಾನು ಮಾಡಬಹುದಾದ್ದನ್ನೆಲ್ಲ ಮಾಡಿದೆ, ಆದರೂ ಅಳಲಿಲ್ಲ. ಈಗ ಅವಳಿಗೆ ಮತ್ತೆ ದಿನ ತುಂಬುತ್ತಿತ್ತು. ಸಿಕ್ಕಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಏನಾದ್ರೂ ಆಗ್ಲಿ ಅಕ್ಕ, ಈ ಸಲ ನಾನು ದೋಣಿ ಹತ್ತಲ್ಲ."

ಆಸ್ಪತ್ರೆಗೆ ಬೇಕಾದ ತಗಡು ಇರಲಿಲ್ಲ ಅಂತೇನೂ ಅಲ್ಲ. ಆಚೆ ದಡದ ಉಗ್ರಾಣದಲ್ಲಿ ನಮ್ಮೂರಿನ ಹೆಸರು ಬರೆದ ಎಂಬತ್ತು ತಗಡು ಆರು ವರ್ಷದಿಂದ ಧೂಳು ತಿನ್ನುತ್ತಿದ್ದವು. ಗೋಡೆಗಳು ಫೈಲಿನಲ್ಲಿ ಹೇಳಿದ ಸ್ಥಳದಲ್ಲಿವೆ ಅಂತ ಇನ್‌ಸ್ಪೆಕ್ಟರ್ ಸಿಲ್ವೇನಸ್ ಬರೆದುಕೊಟ್ಟರೆ ಅವು ದೋಣಿ ಹತ್ತುತ್ತವೆ. ಅವರು ಮೂರು ಸಲ ಬಂದರು. ಮೂರು ಸಲವೂ ಆ ಸ್ಥಳದಲ್ಲಿ ನಾನು ಹಾಕಿದ್ದ ಮರಗೆಣಸು ಬೆಳೆದಿತ್ತು. "ಗೋಡೆಗಳು ಕಂಡುಬಂದಿಲ್ಲ" ಅಂತ ಬರೆದರು. ನಾನು ಅವರನ್ನು ನದಿ ದಾರಿಯಲ್ಲಿ ನಡೆಸಿಕೊಂಡು ಹೋಗಿ ಗೋಡೆ ಮುಟ್ಟಿಸಿದೆ. ತಟ್ಟಿ ನೋಡಿ ಗಾರೆ ಕೆಲಸ ಚೆನ್ನಾಗಿದೆ ಅಂತ ಹೊಗಳಿದರು.

"ಗೋಡೆ ಹೌದು ಸಿಸ್ಟರ್. ಆದ್ರೆ ಸ್ಥಳ ಇದಲ್ಲ," ಅಂದರು.

"ನೀವು ತಗಡು ಕೊಟ್ಟಿದ್ರೆ ಅದು ಅಲ್ಲೇ ಕೂತಿರ್ತಿತ್ತು ಸಾರ್."

"ಅದು ಅಲ್ಲೇ ಕೂತಿದ್ರೆ ನಾವು ತಗಡು ಕೊಟ್ಟಿರ್ತಿದ್ವಿ."

ಅವರು ಕೆಟ್ಟವರಲ್ಲ. ಊಟಕ್ಕೆ ಕೂರಿಸಿದರೆ ಕಡಲೆಕಾಯಿ ಸಾರನ್ನು ಎರಡು ಸಲ ಹಾಕಿಸಿಕೊಳ್ಳುತ್ತಾರೆ. ಆದರೆ ಫೈಲು ಬಿಟ್ಟು ಒಂದು ಅಕ್ಷರ ಆಚೀಚೆ ಹೋಗುವವರಲ್ಲ. ಫೈಲು ತಿದ್ದಿಸೋಣವೆಂದರೆ ಅದನ್ನು ಬರೆದವರು ರಾಜಧಾನಿಯಲ್ಲಿದ್ದರು, ಆ ಕುರ್ಚಿಗೆ ಬಂದವರು ಬಂದ ಹಾಗೇ ವರ್ಗವಾಗಿ ಹೋಗುತ್ತಿದ್ದರು. ಮೊದಲ ವರ್ಷ ಅರವತ್ತು ಜನ ಹಗ್ಗ ಕಟ್ಟಿ ಆಸ್ಪತ್ರೆಯನ್ನು ಹಿಂದಕ್ಕೆ ಎಳೆದೆವು. ಒಂದು ಗೋಡೆ ಬಿರುಕು ಬಿಟ್ಟಿತು, ಸಿಟ್ಟಿಗೋ ಏನೋ ಮರುದಿನ ಎರಡು ಹೆಜ್ಜೆ ಇಟ್ಟಿತು.

ಆ ಬುಧವಾರ ಹದಿನೈದು ಹೆಜ್ಜೆ ಅಳೆದು ಮನೆಗೆ ಬರುವಷ್ಟರಲ್ಲಿ ದೋಣಿಯವನು ಜಿಲ್ಲಾ ಕಚೇರಿಯ ಪತ್ರ ಕೊಟ್ಟುಹೋಗಿದ್ದ. ಜೆನೆಬಾ ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು. ಅವಳಿಗೆ ಓದು ಬಾರದು, ಆದ್ದರಿಂದ ನಾನು ಗಟ್ಟಿಯಾಗಿ ಓದಿದೆ. ಮುಂದಿನ ಗುರುವಾರ ಕೊನೆಯ ತಪಾಸಣೆ. ಅಂದೂ ಗೋಡೆಗಳು ಸ್ಥಳದಲ್ಲಿ ಕಾಣದಿದ್ದರೆ ತಗಡುಗಳನ್ನು ಬೇರೆ ಊರಿಗೆ ಕೊಡಲಾಗುವುದು. ಕೆಳಗೆ ಸ್ಥಳದ ಚಕ್ಕುಬಂದಿ: ಪೂರ್ವಕ್ಕೆ ಬೊಕಾರಿಯವರ ವಾಸದ ಮನೆ, ಪಶ್ಚಿಮಕ್ಕೆ ವಾಂಡಿ ಟೈಲರ್ ಅಂಗಡಿ, ಉತ್ತರಕ್ಕೆ ನರ್ಸ್ ಫಿಂಡಾ ಮನೆ, ದಕ್ಷಿಣಕ್ಕೆ ನದಿಗೆ ಹೋಗುವ ದಾರಿ.

"ಆಮೇಲೆ?" ಅಂದಳು ಜೆನೆಬಾ.

"ಆಮೇಲೇನು, ರುಜು, ಮುದ್ರೆ."

"ಜಾಗ ಎಲ್ಲಿ ಅಂತ ಬರೆದಿಲ್ವಾ?"

"ಈಗ ಓದಿದ್ನಲ್ಲ, ಅದೇ ಜಾಗ."

"ಅದ್ರಲ್ಲಿ ಬರೀ ನಿಮ್ಮಗಳ ಹೆಸರಿದೆ, ಜಾಗ ಎಲ್ಲಿದೆ? ನೀವು ಮೂರು ಮನೆಯವ್ರು ಎಲ್ಲಿರ್ತೀರೋ ಅದೇ ಜಾಗ ಅಂದ ಹಾಗಾಯ್ತು ಅಷ್ಟೆ."

ನಾನು ಪತ್ರವನ್ನು ಮತ್ತೆ ಓದಿದೆ. ನಮ್ಮೂರಿಗೆ ನಕ್ಷೆ ಇಲ್ಲ. ಸರ್ವೆಯವರು ಒಮ್ಮೆ ಬಂದು, ಬೆಳಿಗ್ಗೆ ಬರೆದ ಗೆರೆ ಮರುದಿನಕ್ಕೆ ಸುಳ್ಳಾಗುವುದನ್ನು ನೋಡಿ ಪೆನ್ಸಿಲ್ ಎತ್ತಿಟ್ಟು ಹೋಗಿದ್ದರು. ಇದ್ದದ್ದು ಈ ನಾಲ್ಕು ಸಾಲು ಮಾತ್ರ. ಆರು ವರ್ಷ ಆಸ್ಪತ್ರೆಯನ್ನು ಜಾಗಕ್ಕೆ ತರುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದೆ. ಜಾಗವನ್ನೇ ಆಸ್ಪತ್ರೆಯ ಹತ್ತಿರ ಒಯ್ಯಬಹುದು ಅಂತ ನರ್ಸಿಂಗ್ ಓದಿದ ನನ್ನ ತಲೆಗೆ ಹೊಳೆದಿರಲಿಲ್ಲ.

ಒಯ್ಯುವ ಉಪಾಯ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಕೂತ ಮನೆಯನ್ನು ಬಿಚ್ಚಿದರೆ ಅದು ಮುಗಿಯದ ಮನೆಯಾಗುತ್ತದೆ, ಮುಗಿಯದ್ದು ನಡೆಯುತ್ತದೆ, ಅದೂ ನದಿಯ ಕಡೆಗೇ. ಚಾವಣಿ, ಬಾಗಿಲು ತೆಗೆದು ಗೋಡೆಯನ್ನು ಮೊಣಕಾಲಿನವರೆಗೆ ಇಳಿಸಿದರೆ ಎರಡು ದಿನದಲ್ಲಿ ಆಸ್ಪತ್ರೆಯನ್ನು ಸೇರಬಹುದು. ಅಲ್ಲಿ ಮತ್ತೆ ಕಟ್ಟಿ ಕೂರಿಸಿದರಾಯಿತು. ಹಸಿ ಇಟ್ಟಿಗೆಯ ಗೋಡೆ, ಮಣ್ಣಿನ ಗಾರೆ. ಬಿಚ್ಚುವುದು ಕಷ್ಟವಲ್ಲ. ಬಿಚ್ಚಲು ಒಪ್ಪಿಸುವುದು ಕಷ್ಟ.

ಟೈಲರ್ ವಾಂಡಿ ಕೇಳಿದ ಕೂಡಲೇ ಒಪ್ಪಿದ. ಒಂದೇ ಷರತ್ತು, ಶನಿವಾರ ಮದುವೆಯ ಗೌನ್ ಕೊಡಬೇಕಿದೆ, ಅಂಗಡಿ ಎಲ್ಲಿಗಾದರೂ ಹೋಗಲಿ, ಹೊಲಿಗೆ ಯಂತ್ರದಿಂದ ತಾನು ಏಳುವುದಿಲ್ಲ. ಪಾ ಬೊಕಾರಿ ಒಪ್ಪಲಿಲ್ಲ. ನಮ್ಮಲ್ಲಿ ಹಿರಿಯ ಗಂಡಸರನ್ನು ಪಾ ಅನ್ನುತ್ತೇವೆ, ಅವರಿಗೆ ಎಪ್ಪತ್ತು ದಾಟಿದೆ. ಜಗಲಿಯಲ್ಲಿ ಬಲೆ ಹೆಣೆಯುತ್ತ ನಾನು ಹೇಳಿದ್ದನ್ನೆಲ್ಲ ಕೇಳಿದರು.

"ಈ ಹೊಸ್ತಿಲು ದಾಟಿ ನನ್ನ ಹೆಂಡ್ತಿ ಯೇಮಾ ದೋಣಿಗೆ ಹೋದ್ಲು," ಅಂದರು. "ಚೊಚ್ಚಲ ಹೆರಿಗೆ. ದೋಣಿ ಮಗುಚಿತು. ದೇಹಾನೂ ಸಿಗ್ಲಿಲ್ಲ. ವಾಪಸ್ ಬರ್ತಾಳೆ ಅಂತ ಅಲ್ಲ, ಬರಲ್ಲ ಅಂತ ನಂಗೂ ಗೊತ್ತು. ಆದ್ರೂ ಮನೆ ಇದ್ದ ಜಾಗದಲ್ಲಿರ್ಲಿ, ಫಿಂಡಾ."

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಊರಿಗೆಲ್ಲ ಗೊತ್ತಿರುವ ಸಂಗತಿ. "ಸರಿ ಪಾ, ನಿಮ್ಮ ಹೊಸ್ತಿಲು ಕೂತೇ ಇರ್ಲಿ. ಊರಿನ ಹೆಣ್ಮಕ್ಕಳು ದೋಣಿ ಹತ್ತುತ್ತಾನೇ ಇರ್ಲಿ," ಅಂದುಬಿಟ್ಟೆ. ಅವರ ಕೈಯಲ್ಲಿದ್ದ ಬಲೆ ನಿಂತಿತು. ಅಂಗಳ ದಾಟುವಷ್ಟರಲ್ಲೇ ನನಗೆ ನಾಚಿಕೆಯಾಯಿತು, ಹಿಂದೆ ಹೋಗಿ ಕ್ಷಮೆ ಕೇಳುವಷ್ಟು ಒಳ್ಳೆಯ ಬುದ್ಧಿ ಮಾತ್ರ ಬರಲಿಲ್ಲ.

ಸಂಜೆ ಜೆನೆಬಾ ಹೋದಳು. ನಾನು ಬೇಲಿಯ ಈಚೆ ನಿಂತು ಕೇಳಿಸಿಕೊಂಡೆ. ಅವಳು ಹೊಟ್ಟೆ ಹಿಡಿದುಕೊಂಡು ನಿಧಾನಕ್ಕೆ ಜಗಲಿಯ ಮೆಟ್ಟಿಲ ಮೇಲೆ ಕೂತಳು. ಮನೆಯ ಮಾತನ್ನೇ ಎತ್ತಲಿಲ್ಲ.

"ಪಾ, ಯೇಮಮ್ಮ ಎಲ್ಲಿವರೆಗೆ ಹೋಗಿದ್ರು?"

"ನಡುನೀರಿಗೆ, ಮಗಳೇ."

"ನನ್ನ ಮಗೂನೂ ಅಲ್ಲೇ ಹೋಗಿದ್ದು," ಅಂದಳು ಜೆನೆಬಾ.

ಮರುದಿನ ಬೆಳಿಗ್ಗೆ ಢಣಢಣ ಸದ್ದಾಯಿತು. ಹೋಗಿ ನೋಡಿದರೆ ಪಾ ಬೊಕಾರಿ ಚಾವಣಿಯ ಮೇಲೆ ಹತ್ತಿ, ತಾವೇ ಮೊದಲ ತಗಡನ್ನು ಕಿತ್ತು ಕೆಳಗೆ ಬಿಸಾಡಿದ್ದರು. ನನ್ನನ್ನು ನೋಡಿ, "ನದಿ ಹತ್ತಿರ ಇದ್ರೆ ಅವಳಿಗೂ ಹತ್ತಿರ ಇದ್ದ ಹಾಗೆ. ನಿಂತು ನೋಡ್ತೀಯೇನು, ಏಣಿ ಹಿಡ್ಕೋ," ಅಂದರು. ಏಣಿ ಹಿಡಿದುಕೊಂಡು ನಾನು ಅತ್ತುಬಿಟ್ಟೆ. ಅವರಿಗೆ ಕಾಣಲಿಲ್ಲ, ಕಂಡಿದ್ದರೂ ಹೇಳುವವರಲ್ಲ.

ಆ ಎರಡು ದಿನ ನಮ್ಮೂರು ಹೇಗಿತ್ತೆಂದು ಹೇಳಲು ನನಗೆ ಸಾಕಷ್ಟು ಮಾತಿಲ್ಲ. ಮೂರು ಮನೆಗಳೂ ಶನಿವಾರ ಎದ್ದು ಹೊರಟವು. ಮುಂದೆ ಪಾ ಬೊಕಾರಿಯ ಮನೆ, ಅದರ ಹಿಂದೆ ವಾಂಡಿಯ ಅಂಗಡಿ, ಒಳಗೆ ವಾಂಡಿ ಯಂತ್ರ ತುಳಿಯುತ್ತಿದ್ದಾನೆ, ಮದುವಣಗಿತ್ತಿ ಜೊತೆಯಲ್ಲೇ ನಡೆಯುತ್ತ ತೋಳಿನ ಅಳತೆ ಕೊಡುತ್ತಿದ್ದಾಳೆ. ಇನ್ನೂರು ಹೆಂಗಸರು ತಲೆಯ ಮೇಲೆ ಇಟ್ಟಿಗೆ ಹೊತ್ತು ಹಾಡುತ್ತ ಹಿಂದೆ ಹೊರಟರು. ಗಂಡಸರು ತಗಡು ಹೊತ್ತರು. ಗಾರೆಯವರು ಮಣ್ಣು ಕಲಸಿದ ಬಾಂಡಲಿ ಹಿಡಿದು ಗೋಡೆಗಳ ಪಕ್ಕದಲ್ಲೇ ನಡೆದರು, ಯಾವ ಮನೆಯಾದರೂ ಅತಿ ಚುರುಕಾದರೆ ಎರಡು ವರಸೆ ಇಟ್ಟಿಗೆ ಇಟ್ಟು ತಡೆಯಬೇಕಲ್ಲ. ಶಾಲೆಯಲ್ಲಿ ಪಾಠ ನಿಂತು, ಮಕ್ಕಳೆಲ್ಲ ಗೋಡೆ ಹತ್ತಿ ಕೂಗಿದರು. ಸರ್ಕಾರ ಕಟ್ಟಿಸಿ ಕೈಬಿಟ್ಟದ್ದು ನಡೆದುಹೋಗುವುದನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೆವು. ನಾವೇ ಬೇಕೆಂದು ನಡೆಸಿದ್ದು ಅದೇ ಮೊದಲು.

ಸಂತೆ ದಾಟುವಾಗ ಹಿಂದೆ ತಿರುಗಿ ನೋಡಿದರೆ ನನ್ನ ಮನೆ ಇಲ್ಲ. ಹೊರಟಲ್ಲಿಂದ ನಾಲ್ಕೇ ಹೆಜ್ಜೆ ಬಂದಿತ್ತು.

ಕಾರಣ ನನಗೆ ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ನಟಿಸಿದೆ. ಎಲ್ಲ ಬಿಚ್ಚಿಸಿದವಳು ನೀಲಿ ಬಣ್ಣದ ಮುಂಬಾಗಿಲನ್ನು ಮಾತ್ರ ಬಿಟ್ಟಿದ್ದೆ. ಮೊದಲ ಕೆಲಸ ಸಿಕ್ಕಾಗ ಮಾಡಿಸಿದ ಬಾಗಿಲು. ಕಿತ್ತರೆ ಚೌಕಟ್ಟು ಸೀಳುತ್ತದೆ ಅಂತ ಬಡಗಿ ಹೇಳಿದ್ದ. ಮೊಣಕಾಲೆತ್ತರದ ಗೋಡೆಯ ನಡುವೆ ಬಾಗಿಲೊಂದು ಬೀಗ ಹಾಕಿಕೊಂಡು ನಿಂತಿತ್ತು, ಯಾರು ಬೇಕಾದರೂ ಗೋಡೆ ದಾಟಿ ಒಳಗೆ ಹೋಗಬಹುದಾದ ಮನೆಗೆ. ಬಾಗಿಲಿರುವ ಮನೆ ಅರ್ಧ ಕೂತ ಹಾಗೇ. ಊರೆಲ್ಲ ಬಿದ್ದು ಬಿದ್ದು ನಕ್ಕಿತು.

ಪಾ ಬೊಕಾರಿ ನಗಲಿಲ್ಲ. ಅವರು ಅಷ್ಟು ದೂರ ನಡೆದು ಬಂದು ಬಾಗಿಲಿನ ಪಕ್ಕ ನಿಂತರು. "ಚೆನ್ನಾಗಿದೆ ಬಾಗಿಲು," ಅಂದರು ಅಷ್ಟೆ. ನಾನು ಅವರಿಗೆ ಆಡಿದ ಮಾತೆಲ್ಲ ನನ್ನ ಕಿವಿಯಲ್ಲಿ ಕೇಳಿಸಿತು.

"ಪಾ, ಆವತ್ತು ಹಾಗೆ ಮಾತಾಡಬಾರ್ದಿತ್ತು. ತಪ್ಪಾಯ್ತು."

"ಹೌದು, ತಪ್ಪಾಯ್ತು. ಹಾರೆ ಕೊಡು."

ಇಬ್ಬರೂ ಸೇರಿ ಮೀಟಿದೆವು. ಚೌಕಟ್ಟು ಸೀಳಿತು. ಮನೆ ಒಮ್ಮೆ ನಡುಗಿ, ಉಳಿದವರನ್ನು ಹಿಡಿಯುವ ಆತುರದಲ್ಲಿ ಹೊರಟಿತು. ನಾನು ಉಟ್ಟ ಬಟ್ಟೆ ಎತ್ತಿ ಕಟ್ಟಿಕೊಂಡು ಅದರ ಹಿಂದೆ ಓಡಿದೆ.

ಬುಧವಾರ ಮಧ್ಯಾಹ್ನಕ್ಕೆ ಮೂರೂ ಮನೆಗಳು ಆಸ್ಪತ್ರೆಯ ಮೂರು ಕಡೆ ಕೂತವು. ಗೋಡೆ ಏರಿತು, ತಗಡು ಬಿತ್ತು, ನನ್ನ ನೀಲಿ ಬಾಗಿಲು ಸೀಳಿದ ಚೌಕಟ್ಟಿಗೆ ಪಟ್ಟಿ ಬಡಿದುಕೊಂಡು ನಿಂತಿತು. ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ಸಿಲ್ವೇನಸ್ ಫೈಲು ಕಂಕುಳಲ್ಲಿಟ್ಟುಕೊಂಡು ದೋಣಿಯಿಂದ ಇಳಿದರು. ಇಳಿದ ಕೂಡಲೇ ಎದುರಿಗೆ ಆಸ್ಪತ್ರೆ. ನದಿಗೆ ಏಳು ಹೆಜ್ಜೆ ಉಳಿದಿತ್ತು. ಊರೆಲ್ಲ ಅಲ್ಲೇ ನೆರೆದಿತ್ತು, ಸಂತೆಯ ದಿನವಾದರೂ ಒಬ್ಬರೂ ಸಂತೆಗೆ ಹೋಗಿರಲಿಲ್ಲ.

"ಪೂರ್ವಕ್ಕೆ ಬೊಕಾರಿಯವರ ವಾಸದ ಮನೆ," ಅಂತ ಅವರು ಓದಿದರು.

"ನಂದೇ," ಅಂದರು ಪಾ ಜಗಲಿಯಿಂದ.

"ಎಷ್ಟು ವರ್ಷದಿಂದ ಇದೇ ಮನೇಲಿದ್ದೀರಿ?"

"ನಲವತ್ತೆರಡು ವರ್ಷ. ಒಂದು ದಿನಾನೂ ಬೇರೆ ಮನೇಲಿ ಇದ್ದವನಲ್ಲ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಪಶ್ಚಿಮಕ್ಕೆ ತಿರುಗಿದರೆ ವಾಂಡಿ ಯಂತ್ರದಿಂದ ತಲೆ ಎತ್ತದೆ, "ಸಾರ್, ನಿಮ್ಮ ಕೋಟಿನ ಗುಂಡಿ ಜೋತಾಡ್ತಿದೆ, ಬಿಚ್ಚಿ ಕೊಡಿ," ಅಂದ. ಕೊಟ್ಟರು. ಉತ್ತರಕ್ಕೆ ನನ್ನ ಮನೆ. ಅಲ್ಲಿ ಅವರು ಬಹಳ ಹೊತ್ತು ನಿಂತು, ಕಿಟಕಿಯನ್ನೂ ನದಿಯನ್ನೂ ಒಂದಾದ ಮೇಲೊಂದು ನೋಡಿದರು.

"ಹೋದ ಸಲ ಇಲ್ಲಿ ಊಟ ಮಾಡಿದಾಗ ಈ ಕಿಟಕೀಲಿ ನದಿ ಕಾಣ್ತಿರ್ಲಿಲ್ಲ ಸಿಸ್ಟರ್."

"ಹೋದ ಸಲ ನೀವು ತಟ್ಟೆ ಬಿಟ್ಟು ತಲೆ ಎತ್ತಲೇ ಇಲ್ಲ ಸಾರ್."

ಯಾರೋ ಹಿಂದೆ ಕೆಮ್ಮಿ ನಗು ನುಂಗಿದರು. ನಾನು ಮುಂದುವರಿಸಿದೆ. "ನದಿ ಎಷ್ಟು ದೂರ ಇರಬೇಕು ಅಂತ ಫೈಲಲ್ಲಿದೆಯಾ?"

ಹಾಳೆ ತಿರುವಿದರು. "ಇಲ್ಲ."

"ದಕ್ಷಿಣಕ್ಕೆ ಏನಿದೆ?"

"ನದಿಗೆ ಹೋಗುವ ದಾರಿ."

"ದಾರಿ ನದಿಗೆ ಹೋಗ್ತಿದೆಯಾ?"

ಅವರು ಏಳು ಹೆಜ್ಜೆಯ ದಾರಿಯನ್ನು ಕೊನೆಯವರೆಗೂ ನಡೆದು ನೋಡಿದರು. ಬೂಟು ನೆನೆಯಿತು. "ಹೋಗ್ತಿದೆ," ಅಂದರು. ಆಸ್ಪತ್ರೆಯ ಗೋಡೆಯ ಮೇಲೇ ಹಾಳೆ ಇಟ್ಟುಕೊಂಡು, ಗೋಡೆಗಳು ಸ್ಥಳದಲ್ಲಿ ಕಂಡುಬಂದಿವೆ ಅಂತ ಬರೆದು ರುಜು ಹಾಕಿ ಮುದ್ರೆ ಒತ್ತಿದರು. ಆಗ ಎದ್ದ ಕೂಗು ಆಚೆ ದಡಕ್ಕೂ ಕೇಳಿಸಿತಂತೆ. ಆ ಗದ್ದಲದಲ್ಲಿ ಅವರು ನನ್ನ ಕಿವಿಯ ಹತ್ತಿರ ಬಂದು, "ಇದನ್ನ ಎಷ್ಟೋ ವರ್ಷದ ಹಿಂದೇನೇ ಮಾಡಬಹುದಿತ್ತಲ್ಲ ಸಿಸ್ಟರ್?" ಅಂದರು. ನಾನು ಜೆನೆಬಾಳ ಕಡೆ ಕೈ ತೋರಿಸಿದೆ. "ಓದು ಬಾರದವಳು ಓದಿಸಿ ಕೇಳೋವರೆಗೆ ನಮಗೂ ನಿಮಗೂ ಗೊತ್ತಾಗ್ಲಿಲ್ಲ ಸಾರ್."

ಸೋಮವಾರ ತಗಡು ಬಂತು, ಎಂಬತ್ತೂ ಬಂತು. ಮೂರು ಹೆಜ್ಜೆ ಉಳಿದಿತ್ತು. ಮರುದಿನ ಎರಡು. ಆ ಸಂಜೆ ಕೊನೆಯ ಮೊಳೆ ಹೊಡೆದು, ಬಾಗಿಲು ನಿಲ್ಲಿಸಿ, ಎಲ್ಲರೂ ಹಿಂದೆ ಸರಿದು ನಿಂತೆವು. ಆಸ್ಪತ್ರೆ ದೊಡ್ಡದೊಂದು ಉಸಿರು ಬಿಟ್ಟ ಹಾಗೆ ಅಲುಗಿ ಕೂತಿತು. ಬುಧವಾರ ಬೆಳಿಗ್ಗೆ ಕೋಳಿ ಕೂಗಿದಾಗ ಅಳೆದೆ. ಎರಡೇ ಹೆಜ್ಜೆ. ಗುರುವಾರವೂ ಎರಡೇ. ನಾನು ಅಳೆಯುವುದನ್ನು ಬಿಟ್ಟೆ. ಮೊದಲ ಮಂಚ ಬಂದ ದಿನ ಶಾಲೆಯ ಮೇಷ್ಟರು ಕಾಗದಗಳ ಕಟ್ಟು ಹಿಡಿದು ಬಂದು, "ಸಿಸ್ಟರ್, ನಮ್ಮ ಶಾಲೆ ಚಕ್ಕುಬಂದೀನ ಒಂದ್ಸಲ ಜೆನೆಬಾ ಮುಂದೆ ಓದಬೇಕಲ್ಲ," ಅಂದರು.

ಅವಳಿಗೆ ಪುರುಸೊತ್ತಿರಲಿಲ್ಲ. ಶನಿವಾರ ಹತ್ತು ಗಂಟೆಗೆ ನೋವು ಕಾಣಿಸಿಕೊಂಡಿತು. ಮೀನು ಒಲೆಯ ಮುಂದಿನಿಂದ ಎದ್ದು, ಕೈ ತೊಳೆದುಕೊಂಡು, ತನ್ನ ಕಾಲಿನಲ್ಲೇ ನಡೆದು ಬಂದು ಮಂಚದ ಮೇಲೆ ಮಲಗಿದಳು. ಮಳೆ ಬಂತು, ಚಾವಣಿ ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ. ಹೊರಗೆ ದೋಣಿಗಳು ಕಟ್ಟಿದಲ್ಲೇ ಇದ್ದವು. ಮಧ್ಯಾಹ್ನ ಮೂರಕ್ಕೆ ಮಗು ಹುಟ್ಟಿತು, ಹೆಣ್ಣು. ಒಂದು ಕ್ಷಣ ಸುಮ್ಮನಿತ್ತು. ಆ ಒಂದು ಕ್ಷಣದಲ್ಲಿ ಜೆನೆಬಾ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಅದು ಅತ್ತ ಅಳುವಿಗೆ ಪಕ್ಕದಂಗಡಿಯ ವಾಂಡಿಯ ಯಂತ್ರ ನಿಂತುಹೋಯಿತು.

ಮಗುವನ್ನು ತಾಯಿಯ ಎದೆಯ ಮೇಲಿಟ್ಟು, ಕೈ ತೊಳೆದು, ಜನನದ ಹೊಸ ಪುಸ್ತಕ ತೆರೆದೆ. ಹೆಸರು ಇನ್ನೂ ಇಟ್ಟಿರಲಿಲ್ಲ, ಖಾಲಿ ಬಿಟ್ಟೆ. ತಾಯಿಯ ಹೆಸರು, ದಿನ, ಹೊತ್ತು ಬರೆದೆ. ಹುಟ್ಟಿದ ಸ್ಥಳ ಅನ್ನುವ ಮನೆಗೆ ಬಂದಾಗ ಕೈ ನಿಂತಿತು. ನಾನು ನರ್ಸಾದ ಮೇಲೆ ಅಲ್ಲಿ ಆಚೆ ದಡದ ಹೆಸರು ಬರೆದಿದ್ದೇನೆ, ಎಷ್ಟೋ ಸಲ ನದಿ ಅಂತ ಬರೆದಿದ್ದೇನೆ. ಈಗ ನಮ್ಮೂರಿನ ಹೆಸರನ್ನು ನಿಧಾನವಾಗಿ, ಒಂದೊಂದೇ ಅಕ್ಷರ ಬರೆದೆ.

"ಏನ್ ಬರೆದ್ರಿ ಅಕ್ಕ? ಓದಿ," ಅಂದಳು ಜೆನೆಬಾ.

ಓದಿದೆ. ಅವಳು ಕಣ್ಣು ಮುಚ್ಚಿ ನಕ್ಕಳು. ಕಿಟಕಿಯ ಆಚೆ ಮಳೆಯಲ್ಲಿ ಪಾ ಬೊಕಾರಿ ನೆನೆಯುತ್ತ ನಿಂತಿದ್ದರು, ಬೆಳಗಿನಿಂದ ಅಲ್ಲೇ ಇದ್ದರೋ ಏನೋ.

"ಇನ್ನೊಂದು ಸಲ ಓದು ಫಿಂಡಾ, ಜೋರಾಗಿ. ನಂಗೆ ಕಿವಿ ಸರಿಯಾಗಿ ಕೇಳ್ಸಲ್ಲ," ಅಂದರು.

ಅವರ ಕಿವಿಗೆ ಏನೂ ಆಗಿಲ್ಲ. ನಾನು ಪುಸ್ತಕ ಹಿಡಿದು ಕಿಟಕಿಯ ಹತ್ತಿರ ಹೋಗಿ, ನದಿಗೂ ಕೇಳುವ ಹಾಗೆ ಓದಿದೆ.